ಹಾಜರಿ ಇದೆ, ಜಾಗ ಕೊನೆಯ ಬೆಂಚು

ಡಿಸೆಂಬರ್ ಇಪ್ಪತ್ತನಾಲ್ಕು, ಬೆಳಗಿನ ನಾಲ್ಕು ಗಂಟೆ ಐವತ್ತು ನಿಮಿಷ. ಅಡುಗೆಮನೆಯಲ್ಲಿ ಇದ್ದವರು ನಾನು ಮತ್ತು ನನ್ನ ಹೆಂಡತಿ. ಆ ಹೊತ್ತಿಗೆ ನನ್ನ ಸ್ನಾನ ಮುಗಿದಿರುತ್ತದೆ, ಡಿಕಾಕ್ಷನ್ ಇನ್ನೂ ಇಳಿಯುತ್ತಿರುತ್ತದೆ. ಪಕ್ಕದ ಮನೆಯ ನರ್ಸ್ ಆಸ್ಪತ್ರೆಯಿಂದ ಫೋನ್ ಮಾಡಿದಳು.

"ಅಂಕಲ್, ಸ್ನೋ ಬಿದ್ದು ನನ್ನ ಬದಲಿ ಬಂದಿಲ್ಲ. ಡಬಲ್ ಶಿಫ್ಟ್ ಆಯ್ತು. ಅಮ್ಮ ಕೋಟ್ ಹಾಕ್ಕೊಂಡು ಕಾಯ್ತಾ ಇದಾರೆ. ಚರ್ಚಿನ ಪೂಜೆ ಐದೂವರೆಗೆ."

ನಮ್ಮಂತೆಯೇ ಈ ದೇಶಕ್ಕೆ ಬಂದು ನೆಲೆಸಿದ ಅವರು ಫಿಲಿಪೀನ್ಸಿನವರು. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ದಿನ ನಸುಕಿನಲ್ಲೇ ಚರ್ಚಿಗೆ ಹೋಗುವುದು ಅವರ ಪದ್ಧತಿ. ಒಂಬತ್ತೂ ನಡೆದರೆ ಬೇಡಿಕೊಂಡದ್ದು ಸಿಗುತ್ತದೆ. ಒಂದು ತಪ್ಪಿದರೂ ಉಳಿದ ಎಂಟು ವ್ಯರ್ಥ. ಎಂಬತ್ತೊಂದರ ಅಜ್ಜಿ ಬೇಡಿಕೊಂಡದ್ದು ಮಗಳಿಗೆ ಹಗಲಿನ ಶಿಫ್ಟ್. ಅದಕ್ಕಾಗಿ ಎಂಟು ದಿನ ಮಗಳೇ, ರಾತ್ರಿ ಹನ್ನೆರಡಕ್ಕೆ ಕೆಲಸದಿಂದ ಬಂದು ನಾಲ್ಕು ತಾಸು ಮಲಗಿ, ಅಮ್ಮನನ್ನು ಕರೆದೊಯ್ದಿದ್ದಳು. ಅಜ್ಜಿಯ ಅಳಿಯ ಚರ್ಚಿನಲ್ಲಿ ಹಾಡಿಗೆ ಕೀಬೋರ್ಡ್ ನುಡಿಸುವವನು, ಅದನ್ನು ಜೋಡಿಸಲು ನಾಲ್ಕಕ್ಕೇ ಹೋಗುತ್ತಾನೆ. ಚರ್ಚಿನೊಳಗೆ ಫೋನ್ ಎತ್ತುವುದಿಲ್ಲ.

ನಾನು ಕಾರಿನ ಕೀ ತೆಗೆದುಕೊಂಡೆ.

"ವೈಕುಂಠ ಏಕಾದಶಿಗೂ ಕಾಫಿ ಬಿಟ್ಟು ಹೊರಟವರಲ್ಲ ನೀವು," ಎಂದಳು ಹೆಂಡತಿ.

ಅಜ್ಜಿ ತಮ್ಮ ಬಾಗಿಲಿನಿಂದ ನನ್ನ ಕಾರಿನವರೆಗೆ ಹಿಮ ಎತ್ತಿಹಾಕಿ, ಸಲಿಕೆ ಹಿಡಿದು ನಿಂತಿದ್ದರು. ಸಲಿಕೆ ಅವರ ಭುಜದಷ್ಟು ಎತ್ತರವಿತ್ತು.

ರಸ್ತೆಯಲ್ಲಿ ನಮ್ಮ ಮುಂದೆ ಹಿಮ ತಳ್ಳುವ ಲಾರಿ.

"ದಾಟಿಕೊಂಡು ಹೋಗು," ಎಂದರು ಅಜ್ಜಿ.

"ಅದನ್ನ ಓವರ್‌ಟೇಕ್ ಮಾಡಬಾರದು."

"ನೀನು ಪೊಲೀಸಾ?"

"ರಿಟೈರ್ಡ್ ಇಂಜಿನಿಯರ್."

"ಅದು ಇನ್ನೂ ಕಷ್ಟ."

ತಲುಪಿದಾಗ ಐದು ಮೂವತ್ತೆರಡು. ಮೊದಲ ಹಾಡು ಶುರುವಾಗಿತ್ತು. ಅಜ್ಜಿ ಮುಂದೆ ತಮ್ಮ ಹಾಡುವವರ ಗುಂಪಿಗೆ ಹೋಗದೆ ಕೊನೆಯ ಬೆಂಚಿನಲ್ಲಿ ಕೂತರು.

"ನಿಮ್ಮ ಜಾಗ ಅಲ್ಲಿ," ಎಂದೆ.

"ಹಾಡು ಶುರುವಾದ ಮೇಲೆ ಬಂದವರು ಗುಂಪಿಗೆ ಸೇರೋ ಹಾಗಿಲ್ಲ."

"ಯಾರು ಮಾಡಿದ ರೂಲು?"

"ನಾನೇ. ಅಳಿಯನನ್ನ ಇದೇ ಬೆಂಚಲ್ಲಿ ಎರಡು ಸಲ ಕೂರಿಸಿದೀನಿ. ಒಂದು ಸಲ ಮದುವೆಯಾದ ವಾರವೇ."

ಅವರ ಬಗ್ಗೆ ನನಗಿದ್ದ ಗೌರವ ಹೆಚ್ಚಿತು. ಅವರ ಮುಖ ಮಾತ್ರ ಸಣ್ಣದಾಗಿತ್ತು.

"ನೀನು ಶಿಸ್ತಿನ ಮನುಷ್ಯ, ಹೇಳು. ಇದು ಒಂಬತ್ತಕ್ಕೆ ಸೇರುತ್ತಾ?"

ಓದುವಾಗ ನಾನಿದ್ದ ಹಾಸ್ಟೆಲಿನ ನಿಯಮವನ್ನೇ ಹೇಳಿದೆ. "ಬಂದದ್ದಕ್ಕೆ ಹಾಜರಿ. ತಡವಾದದ್ದಕ್ಕೆ ಬೆಂಚು. ಒಂದೇ ತಪ್ಪಿಗೆ ಎರಡು ಶಿಕ್ಷೆ ಇಲ್ಲ."

ಅಜ್ಜಿ ಒಪ್ಪಿ ತಲೆಯಾಡಿಸಿದರು. ಆಮೇಲೆ ಕೂತಲ್ಲಿಂದಲೇ ಹಾಡಿದರು. ಅಳಿಯ ತಿರುಗಿ ನೋಡಲಿಲ್ಲ. ಎರಡನೆಯ ಚರಣದಿಂದ ಕೀಬೋರ್ಡಿನ ವೇಗ ಇಳಿಸಿದ. ಮುಂದಿದ್ದವರೂ ಕೊನೆಯ ಬೆಂಚಿನ ದನಿಗೆ ಕಾದು ಹಾಡಿದರು. ನನಗೆ ಸಂಗೀತ ತಿಳಿಯದು, ಗಡಿಯಾರ ತಿಳಿಯುತ್ತದೆ. ಆ ಹಾಡಿಗೆ ಒಂದು ನಿಮಿಷ ಹೆಚ್ಚು ಹಿಡಿಯಿತು.

ಪೂಜೆಯ ನಂತರ ಬಾಳೆ ಎಲೆಯ ಮೇಲೆ ಬೇಯಿಸಿದ ಅಕ್ಕಿಯ ಕೇಕ್ ಕೊಟ್ಟರು. ಮೊಟ್ಟೆ ಇದೆ ಎಂದರು. ಕಾಫಿ ಮಾತ್ರ ಕುಡಿದೆ.

ಮನೆಗೆ ಬಂದೊಡನೆ ಅಜ್ಜಿ ಮತ್ತೆ ಸಲಿಕೆ ಹಿಡಿದು ಮಗಳ ಕಾರು ನಿಲ್ಲುವ ಜಾಗದ ಹಿಮ ತೆಗೆಯತೊಡಗಿದರು. ನಾನೂ ನನ್ನ ಸಲಿಕೆ ತಂದೆ. ಏಳೂ ಇಪ್ಪತ್ತೈದಕ್ಕೆ ಮುಗಿಯಿತು. ಏಳೂವರೆಗೆ ಕಾರು ಬಂತು. ಮಗಳು ಗಾಜು ಇಳಿಸಿದಳು. ಕಣ್ಣು ಅರ್ಧ ಮುಚ್ಚಿತ್ತು.

"ತಲುಪಿದ್ರಾ?"

"ಹಾಜರಿ ಆಗಿದೆ," ಎಂದೆ.

ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿ ಅಲ್ಲೇ ನಿದ್ದೆ ಹೋದಳು. ಅಜ್ಜಿ ಎಬ್ಬಿಸಿ ಒಳಗೆ ಕರೆದೊಯ್ದರು. ಹಗಲಿನ ಶಿಫ್ಟಿನ ತೀರ್ಮಾನ ಜನವರಿಯಲ್ಲಿ. ನಾನು ಹಿಮ ಕರಗಲೆಂದು ಮೆಟ್ಟಿಲಿಗೆ ಉಪ್ಪು ಚೆಲ್ಲಿ, ಎರಡೂ ಸಲಿಕೆ ಒರೆಸಿ, ಆಯಾ ಮನೆಯ ಗ್ಯಾರೇಜಿನ ಮೊಳೆಗೆ ತೂಗುಹಾಕಿದೆ.