ದೊಡ್ಡಮ್ಮನ ಗಂಟಲು

ಸೆಟ್ಟಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಧ್ವನಿ ರೆಕಾರ್ಡ್ ಮಾಡುವವಳು, ಹಾಗಾಗಿ ಎಲ್ಲರ ಬಾಯಲ್ಲೂ ‘ಕಿವಿ’. ಪಕ್ಕದ ಬೀದಿಯಲ್ಲಿ ಬಾಗಿಲು ಕಿರುಗುಟ್ಟಿದರೂ ಶಾಟ್ ನಿಲ್ಲಿಸುವವಳು, ಕೋಪವಂತೂ ಮೂಗಿನ ತುದಿಯಲ್ಲೇ. ಈಗ ಅವಳದೇ ಒಂದು ಚಿಕ್ಕ ಸಿನಿಮಾ ಕಂಪನಿ ಇದೆ. ಅದರ ಹುಟ್ಟಿಗೆ ಜನ ಕನಸು, ಕಲೆ ಎಂದೆಲ್ಲ ಬಣ್ಣ ಹಚ್ಚುತ್ತಾರೆ. ಸುಡುಗಾಡು ಕನಸು! ಆ ಕಂಪನಿ ಹುಟ್ಟಿದ್ದು ಬರೀ ಸಿಟ್ಟಿನಿಂದ.

ಸಿಟ್ಟು ದೊಡ್ಡಮ್ಮನ ಸಲುವಾಗಿ. ತಾಯಿಯಿಲ್ಲದ ಕಿವಿಯನ್ನು ಸಾಕಿದವಳು ಈ ದೊಡ್ಡಮ್ಮ, ಅದೂ ಸಿನಿಮಾಗಳಲ್ಲಿ ಗುಂಪಿನ ನಡುವೆ ನಿಲ್ಲುವ ಕೆಲಸ ಮಾಡಿಕೊಂಡೇ. ಆಸ್ಪತ್ರೆಯ ಬೆಂಚಿನ ಮೇಲಿನ ರೋಗಿ, ಬಸ್ಸಿಗೆ ಕಾಯುವ ಹೆಂಗಸು, ಕೋರ್ಟಿನ ಹಿಂದಿನ ಸಾಲು; ಜೀವಮಾನವೆಲ್ಲ ತುಟಿ ಪಿಟಕ್ಕೆನ್ನದ ಪಾತ್ರಗಳೇ. ತಲೆ ಪೂರ್ತಿ ಬೆಳ್ಳಗಾದ ಮೇಲೆ ಒಂದು ಮಾತು ಸಿಕ್ಕಿತು. ಕಾರ್ಖಾನೆಯ ಗೇಟಿನ ಮುಂದೆ ನಿಂತ ತಾಯಿ, ನನ್ನ ಮಗ ಒಳಗೇ ಇದ್ದಾನಾ ಎಂದು ಕೇಳಬೇಕು. ಅಷ್ಟೇ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಅದನ್ನೇ ಹೇಳಿ ಹೇಳಿ ದೊಡ್ಡಮ್ಮ ಮನೆಯವರ ಪ್ರಾಣ ತಿಂದಳು. ಶೂಟಿಂಗಿನ ದಿನ ಗಂಟಲು ಸರಿಮಾಡಿಕೊಂಡು ಆ ಮಾತು ಆಡಿದಾಗ, ಅದೇ ಚಿತ್ರದ ಧ್ವನಿ ರೆಕಾರ್ಡ್ ಮಾಡುತ್ತ ಹೆಡ್‌ಫೋನ್ ಹಾಕಿಕೊಂಡಿದ್ದ ಕಿವಿ ಕಣ್ಣೊರೆಸಿಕೊಂಡಳು.

ಚಿತ್ರ ಮುಗಿದು ಎಲ್ಲರನ್ನೂ ಪ್ರಿವ್ಯೂಗೆ ಕರೆದರು. ದೊಡ್ಡಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಳು. ಪರದೆಯ ಮೇಲೆ ಗೇಟು ಬಂತು, ಅವಳ ಮುಖ ಬಂತು, ಬಾಯಿ ತೆರೆಯಿತು. ಕೇಳಿಸಿದ್ದು ಯಾರದೋ ಎಳೇ ದನಿ. ನಿರ್ಮಾಪಕ ಒಂದು ಮಾತೂ ಹೇಳದೆ ಬೇರೊಬ್ಬಳಿಂದ ಡಬ್ ಮಾಡಿಸಿದ್ದ. ಮುಖ ಒಬ್ಬರದು, ದನಿ ಇನ್ನೊಬ್ಬರದು! ಇದಕ್ಕೆ ಕಸುಬು ಅನ್ನುತ್ತಾರಂತೆ, ನಾಚಿಕೆ ಬೇಡವೇ? ದೊಡ್ಡಮ್ಮ ಕತ್ತಲಲ್ಲಿ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು. ಪಕ್ಕದಲ್ಲಿದ್ದ ಕಿವಿಗೆ ಮೈಯೆಲ್ಲ ಉರಿದುಹೋಯಿತು.

ಹೋಗಿ ಕೇಳಿದ್ದಕ್ಕೆ ನಿರ್ಮಾಪಕ ನಕ್ಕ. ಒಡಕು ಪಾತ್ರೆಯಂಥ ದನಿ, ಜನ ಎದ್ದು ಹೋಗುತ್ತಾರೆ, ಮುದುಕಿಯ ಮುಖ ಉಳಿಸಿಕೊಂಡಿದ್ದೇ ದೊಡ್ಡದು ಎಂದ.

“ನಿಮ್ಮ ಮಾತಿಗೂ ಯಾರ ಹತ್ರನಾದ್ರೂ ಡಬ್ ಮಾಡಿಸ್ಕೊಳ್ಳಿ ಸಾರ್, ಕೇಳೋಕಾಗಲ್ಲ,” ಎಂದು ಕಿವಿ ಹೆಡ್‌ಫೋನನ್ನು ಅವನ ಮೇಜಿನ ಮೇಲೆ ಕುಕ್ಕಿ ಹೊರಬಂದಳು. ಅಲ್ಲೇ ಕ್ಯಾಮೆರಾಮನ್ ಆಗಿದ್ದ ಅವಳ ಗಂಡನೂ ಹಿಂದೆಯೇ ಬಂದ.

ಮುಚ್ಚಿಹೋಗಿದ್ದ ಒಂದು ಗ್ಯಾರೇಜಿನಲ್ಲಿ ಕಂಪನಿ ಶುರುವಾಯಿತು. ಸದ್ದು ಗೋಡೆಗೆ ಬಡಿದು ಮಾರ್ದನಿಸಬಾರದೆಂದು ಮನೆಯ ಕಂಬಳಿಗಳನ್ನೆಲ್ಲ ಅಲ್ಲಿ ಮೊಳೆ ಹೊಡೆದು ತೂಗುಹಾಕಿ, ಆ ಚಳಿಗಾಲವಿಡೀ ಗಂಡಹೆಂಡತಿ ನಡುಗುತ್ತ ಮಲಗಿದರು. ಮೊದಲ ಚಿತ್ರಕ್ಕೆ ದೊಡ್ಡಮ್ಮನೇ ನಾಯಕಿ. ಕಂಪನಿಗೆ ಇದ್ದದ್ದು ಒಂದೇ ಕಾನೂನು: ಯಾರ ಬಾಯೋ ಅವರದೇ ದನಿ.

ಶೂಟಿಂಗ್ ಮುಗಿಸಿ ಕಿವಿ ಧ್ವನಿ ಶುಚಿ ಮಾಡಲು ಕೂತಳು. ಫ್ಯಾನಿನ ಗುಂಯ್ ಶಬ್ದ, ಬಟ್ಟೆಯ ಸರಪರ, ಬೇಡದ್ದನ್ನೆಲ್ಲ ಅಳಿಸುವುದು ಅವಳ ಕಸುಬಿನ ಚಟ. ಕೈಗೆ ಅಭ್ಯಾಸವಾಗಿತ್ತು, ತಲೆ ಯೋಚಿಸಲಿಲ್ಲ. ಅಳಿಸುತ್ತ ಅಳಿಸುತ್ತ, ದೊಡ್ಡಮ್ಮ ಪ್ರತಿ ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಸದ್ದನ್ನೂ ನಡುನಡುವಿನ ಏದುಸಿರನ್ನೂ ಅಳಿಸಿಬಿಟ್ಟಳು. ಆಮೇಲೆ ಹೆಮ್ಮೆಯಿಂದ ಅವಳನ್ನೇ ಕೂರಿಸಿ ಕೇಳಿಸಿದಳು.

ದೊಡ್ಡಮ್ಮ ಈ ಸಲ ಸುಮ್ಮನಿರಲಿಲ್ಲ. “ಅವನು ಕದ್ದ, ನೀನು ತೊಳ್ದುಬಿಟ್ಟೆ. ನಾನಂತೂ ಎಲ್ಲೂ ಇಲ್ಲ. ಇದಕ್ಕಾ ಕಂಬಳಿ ಇಲ್ದೆ ಮಲಗಿದ್ರಿ?”

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ನಿರ್ಮಾಪಕನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಕಿವಿಗೆ ತನ್ನ ಮೇಲೆಯೇ ಬಂತು. ತೆಗೆದದ್ದನ್ನೆಲ್ಲ ಮತ್ತೆ ಸೇರಿಸಿದಳು. ಅದೂ ಸಾಲದೆಂದು, ಕಂಪನಿಯ ಹೆಸರು ಮೂಡುವ ಮುಂಚೆ ಕಪ್ಪು ಪರದೆಯ ಮೇಲೆ ದೊಡ್ಡಮ್ಮ ಗಂಟಲು ಸರಿಮಾಡಿಕೊಳ್ಳುವ ಸದ್ದೊಂದನ್ನೇ ಇಟ್ಟಳು.

ಮೊದಲ ಪ್ರದರ್ಶನದಲ್ಲಿ ದೀಪ ಆರಿತು, ಪರದೆ ಕಪ್ಪಾಯಿತು, ಆ ಗೊರಗೊರ ಸದ್ದು ಥಿಯೇಟರ್ ತುಂಬ ಕೇಳಿಸಿತು. ಪ್ರೊಜೆಕ್ಟರ್ ನಡೆಸುವವನು ಗಾಬರಿಬಿದ್ದು ಚಿತ್ರ ನಿಲ್ಲಿಸಿ, ದೀಪ ಹಾಕಿ, ಸೌಂಡಿನಲ್ಲಿ ಏನೋ ತೊಂದರೆ ಎಂದು ಮೇಲಿನಿಂದ ಕೂಗಿದ. ಕಿವಿ ಹಲ್ಲು ಕಡಿಯುತ್ತ ಏಳುವಷ್ಟರಲ್ಲಿ ದೊಡ್ಡಮ್ಮ ಆಗಲೇ ಎದ್ದು ನಿಂತಿದ್ದಳು. ಹಿಂದಕ್ಕೆ ತಿರುಗಿ ಗಂಟಲು ಸರಿಮಾಡಿಕೊಂಡಳು. ಜನಕ್ಕೆ ಆ ಸದ್ದಿನ ಗುರುತು ಸಿಕ್ಕಿತು.

“ತೊಂದರೆ ಅಲ್ಲ ಕಣಪ್ಪ, ಅದು ನಾನು,” ಅಂದಳು. “ಹಾಕು, ಮೊದಲಿಂದ.”