ಗಜಣ್ಣನ ಕಿತ್ತಳೆ ಮಾತ್ರೆ

ಅಳತೆಗೆ ಹಿಡಿದರೆ ಗಜಣ್ಣ ದೊಡ್ಡ ಮಾಲೇನಲ್ಲ. ಉದ್ದ ಸಾಧಾರಣ, ಅಗಲ ಕಡಿಮೆ, ನೇಯ್ಗೆ ಮಾತ್ರ ಬಿಗಿ. ಅರವತ್ತು ದಾಟಿದ ಮೇಲೆ ಅಂಚು ಸ್ವಲ್ಪ ಸವೆದಿದೆ, ಮಂಡಿಯ ಹತ್ತಿರ ಮಡಿಕೆ ಬಿದ್ದಿದೆ, ಆದರೂ ಬಣ್ಣ ಬಿಟ್ಟಿಲ್ಲ. ಬಾಯಂತೂ ಒಗೆದಷ್ಟೂ ಗರಿಗರಿ. ನೋಡಿದ ತಕ್ಷಣ ಕೊಳ್ಳುವ ಗಿರಾಕಿ ಸಿಗುವುದು ಕಷ್ಟ. ಆ ಬೆರಳುಗಳ ಬೆಲೆ ತಿಳಿದ ಮೇಲೆ ಬಿಟ್ಟುಕೊಡುವ ವ್ಯಾಪಾರಿ ಸಿಗುವುದು ಇನ್ನೂ ಕಷ್ಟ.

ನಮ್ಮ ಸಗಟು ಬಟ್ಟೆ ಅಂಗಡಿಗೆ ಬರುವ ಪ್ರತಿ ಥಾನನ್ನೂ, ಅಂದರೆ ಕತ್ತರಿಸದ ಬಟ್ಟೆಯ ಸುರುಳಿಯನ್ನೂ, ಮೊದಲು ಮುಟ್ಟುವವನು ಅವನೇ. ಥಾನಿನ ತುದಿಗೆ ಮಿಲ್ಲಿನವರು ಹೊಳೆಯುವ ಸೀಲು ಒತ್ತಿರುತ್ತಾರೆ. ಗಜಣ್ಣ ಅದರ ಮೇಲೆ ಎಡಗೈ ಮುಚ್ಚಿ, ಬಲಗೈಯ ಎರಡು ಬೆರಳ ನಡುವೆ ಬಟ್ಟೆ ತೀಡಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಾನೆ: "ಹೋದ ಸಲ ನೀಲಿ ಸೀಲಲ್ಲಿ ಬಂತಲ್ಲ, ಅದೇ ಇದು. ಸೀಲು ಬೇರೆ, ಮಾಲು ಒಂದೇ. ಜಾಸ್ತಿ ಕೊಡ್ಬೇಡಿ." ಅವನನ್ನು ಕಂಡರೆ ಮಿಲ್ಲಿನ ಏಜೆಂಟ್ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ.

ಈ ಗಜಣ್ಣ ಒಂದು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಾರಿಕೊಂಡ. ಮಂಡಿನೋವಿಗೆಂದು ದಿನಾ ನುಂಗುತ್ತಿದ್ದ ಬಿಳಿ ಮಾತ್ರೆ ಜಠರದೊಳಗೆ ಹುಣ್ಣು ಮಾಡಿತ್ತು. ಡಾಕ್ಟರಮ್ಮ ಬಾಯಿಂದ ಕೊಳವೆ ಇಳಿಸಿ ರಕ್ತ ನಿಲ್ಲಿಸಿದರು. ಮನೆಗೆ ಕಳಿಸುವಾಗ ಮಂಚದ ಪಕ್ಕ ನಿಂತು ಬಿಡಿಸಿ ಹೇಳಿದರು. ಬಿಳಿ ಮಾತ್ರೆ ಇನ್ನು ಮುಟ್ಟಬಾರದು. ಹೃದಯಕ್ಕೆ ಕೊಟ್ಟಿರುವ ಚಿಕ್ಕ ಮಾತ್ರೆ ಇರುವಷ್ಟು ಕಾಲ, ಹೊಟ್ಟೆ ಕಾಯುವ ಕ್ಯಾಪ್ಸೂಲನ್ನು ಬೆಳಿಗ್ಗೆ ತಪ್ಪಿಸಬಾರದು. ಹುಣ್ಣಿಗೆ ಕುಮ್ಮಕ್ಕು ಕೊಡುವ ಕ್ರಿಮಿಯೊಂದು ಹೊಟ್ಟೆಯಲ್ಲಿದೆ, ಅದರ ಔಷಧಿ ಮುಗಿಸಿ ಪರೀಕ್ಷೆಗೆ ಬರಬೇಕು. ಹೋದ ರಕ್ತ ತುಂಬಲು ಕಬ್ಬಿಣದ ಮಾತ್ರೆ.

"ಒಂದ್ಸಲ ಬಾಯಿ ಬಿಟ್ಟ ಗಾಯ ಇದು, ಯಜಮಾನ್ರೆ. ಮತ್ತೆ ಬಿಡೋದು ಸಲೀಸು. ಎರಡನೇ ಸಲ ಹೀಗೆ ನಡ್ಕೊಂಡು ಮನೆಗೆ ಹೋಗ್ತೀರಿ ಅಂತ ನಾನು ಮಾತು ಕೊಡಲ್ಲ."

ಗಜಣ್ಣನ ಹೆಂಡತಿ ಶಾಲೆಯ ಗೇಟು ಕಾಯುವವಳು. ಯಾವ ಮಗುವಿನ ಜೇಬಿನಲ್ಲಿ ಏನಿದೆಯೆಂದು ಮುಖ ನೋಡಿಯೇ ಹೇಳುವವಳು. ಮನೆಗೆ ಬಂದವಳೇ ಬಿಳಿ ಮಾತ್ರೆಗಳನ್ನೆಲ್ಲ ಹುಡುಕಿ ಚರಂಡಿಗೆ ಸುರಿದಳು. "ರೀ, ಇನ್ನೊಂದು ಬಿಳೀದು ಕಣ್ಣಿಗೆ ಬಿದ್ರೆ ನಿಮ್ಮನ್ನೂ ಅಲ್ಲಿಗೇ ಸುರೀತೀನಿ." ಗಜಣ್ಣ ಆಣೆ ಇಟ್ಟ. ಆ ಆಣೆಯನ್ನು ಅಕ್ಷರಕ್ಕಕ್ಷರ ಉಳಿಸಿಕೊಂಡ. ಕೆಟ್ಟದ್ದು ಅಲ್ಲೇ.

ಮಂಡಿಗೆ ಆಣೆ ಭಾಷೆ ತಿಳಿಯುವುದಿಲ್ಲ. ಅಟ್ಟದ ಏಣಿ ಹತ್ತುವಾಗ ಅದು ಚೀರತೊಡಗಿದಾಗ ಗಜಣ್ಣ ಔಷಧಿ ಅಂಗಡಿಗೆ ಹೋಗಿ, "ಬಿಳೀದು ನನಗೆ ಆಗಲ್ಲಪ್ಪ, ಬೇರೆ ಏನಾದ್ರೂ ಕೊಡು" ಎಂದ. ಯಾಕೆ ಆಗುವುದಿಲ್ಲವೆಂದು ಅಂಗಡಿಯವನೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಕಿತ್ತಳೆ ಬಣ್ಣದ್ದು ಸಿಕ್ಕಿತು. ಮಂಡಿ ಸುಮ್ಮನಾಯಿತು. ಹೊಟ್ಟೆಯ ಉರಿಯೂ ಇರಲಿಲ್ಲವಾದ್ದರಿಂದ ಕ್ಯಾಪ್ಸೂಲು ದಂಡವೆನಿಸಿತು; ಅದನ್ನು ನಿಲ್ಲಿಸಿದ. ಪರೀಕ್ಷೆಯನ್ನು ಬಟ್ಟೆ ಅಂಗಡಿಯ ಕೆಲಸದ ಗಲಾಟೆ ಮುಗಿಯಲೆಂದು ಮುಂದೂಡಿದ.

ಮಲ ಕಪ್ಪಗಾದಾಗ ಮೊದಲು ಗಾಬರಿಯಾಗಲಿಲ್ಲ. ಕಬ್ಬಿಣದ ಮಾತ್ರೆಗೆ ಹಾಗಾಗುತ್ತದೆಂದು ಡಾಕ್ಟರಮ್ಮನೇ ಹೇಳಿದ್ದರು. ಆದರೆ ಈಗ ಅದು ಡಾಂಬರಿನಂತೆ ಅಂಟುತ್ತಿತ್ತು, ನಾತ ಹೊಡೆಯುತ್ತಿತ್ತು. ನೀರು ಸುರಿದು, ಮತ್ತೆ ಸುರಿದು, ಹೆಂಡತಿಗೆ ಕಾಣದಂತೆ ತೊಳೆದು ಬಂದ. ಕಬ್ಬಿಣವೇ ಇರಬೇಕೆಂದು ತನಗೆ ತಾನೇ ಮಾರಿಕೊಂಡ. ಚೌಕಾಶಿ ಮಾಡದೆ ಅವನು ಜೀವನದಲ್ಲಿ ಕೊಂಡ ಮಾಲು ಅದೊಂದೇ.

ಅಂದು ಅಂಗಡಿಗೆ ದೊಡ್ಡ ಲೋಡು ಬಂದಿತ್ತು. ಏಜೆಂಟ್ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿದ್ದ. ಗಜಣ್ಣ ಸೀಲಿನ ಮೇಲೆ ಕೈ ಮುಚ್ಚಿದ, ಬಟ್ಟೆ ತೀಡಿದ. ಕಣ್ಣು ಮುಚ್ಚಿದರೆ ಕತ್ತಲೆ ತಿರುಗುತ್ತಿತ್ತು. ಮತ್ತೆ ತೀಡಿದ.

"ಏನ್ ಗಜಣ್ಣ, ಇವತ್ತು ಬಾಯಿಗೆ ರಜಾನಾ?" ಏಜೆಂಟ್ ನಕ್ಕ.

ಗಜಣ್ಣ ನಗಲಿಲ್ಲ. ಬೆರಳುಗಳ ನಡುವೆ ಏನೋ ಇದೆಯೆಂದು ಕಣ್ಣು ಹೇಳುತ್ತಿತ್ತು, ಬೆರಳು ಇಲ್ಲವೆನ್ನುತ್ತಿತ್ತು. ಹತ್ತಿಯೋ ಕಾಗದವೋ ತಿಳಿಯಲಿಲ್ಲ. ಎದೆ ಓಟಕ್ಕೆ ಬಿದ್ದಿತ್ತು, ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಸಾಹುಕಾರ್ರೆ," ಎಂದ, ಯಾರಿಗೂ ಕೇಳಿಸಬಾರದೆಂಬಂತೆ. "ಬೆರಳಿಗೆ ಬಟ್ಟೆ ಸಿಗ್ತಿಲ್ಲ."

ನಾನು ಅವನ ಕೈ ಹಿಡಿದೆ. ಬಾವಿಯಿಂದ ಎತ್ತಿದ ಹಗ್ಗದಷ್ಟು ತಣ್ಣಗಿತ್ತು. ಎದ್ದು ನಿಲ್ಲಲು ಹೋದವನು ಥಾನುಗಳ ಮೇಲೆಯೇ ಕುಸಿದ.

ಆಸ್ಪತ್ರೆಯಲ್ಲಿ ಒಂದು ಕೈಗೆ ರಕ್ತ, ಇನ್ನೊಂದಕ್ಕೆ ಔಷಧಿ ಇಳಿಯತೊಡಗಿತು. ಹೆಂಡತಿ ಶಾಲೆಯ ಗೇಟಿನ ಬೀಗದ ಕೈ ಸೊಂಟದಲ್ಲಿದ್ದಂತೆಯೇ ಓಡಿಬಂದಳು. ಡಾಕ್ಟರಮ್ಮ ಗಜಣ್ಣನ ಮುಖದ ಮೇಲೆ ಬಾಗಿದರು.

"ವಯಸ್ಸಾಗಿದೆ, ಹಿಂದೆ ಒಮ್ಮೆ ರಕ್ತ ಹೋಗಿದೆ. ಹೃದಯದ ಮಾತ್ರೆ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. ಕ್ರಿಮಿ ಸತ್ತಿದೆಯಾ ಅಂತ ನೋಡೋಕೆ ನೀವು ಬರ್ಲೇ ಇಲ್ಲ. ಇವೆಲ್ಲ ಗಾಯಕ್ಕೆ ದಾರಿ ಮಾಡ್ಕೊಡೋವೇ. ಆದ್ರೂ ಇಷ್ಟು ಬೇಗ ಅಂದ್ರೆ ಇನ್ನೇನೋ ಇದೆ. ನೋವಿನ ಮಾತ್ರೆ ತಗೊಂಡ್ರಾ?"

"ಇಲ್ಲ. ಬಿಳೀದು ಮುಟ್ಟಿಲ್ಲ. ಇವಳಾಣೆ."

"ನನ್ನ ಯಾಕೆ ನಡುವೆ ಎಳೀತೀರಿ?" ಎಂದಳು ಹೆಂಡತಿ.

"ನಿಜ ಹೇಳಿ. ಯಾಕೆ ಬಂತು ಅಂತ ಗೊತ್ತಾಗದೆ ಇದ್ರೆ, ಇವತ್ತು ನಿಲ್ಸಿದ್ದು ನಾಳೆ ಮತ್ತೆ ಶುರುವಾಗುತ್ತೆ."

ಗಜಣ್ಣ ಸೂರು ನೋಡಿದ. ಅವನ ಲೆಕ್ಕದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಹೆಂಡತಿ ಅವನ ಮುಖವನ್ನೇ ನೋಡಿದಳು, ಗೇಟಿನಲ್ಲಿ ಮಕ್ಕಳ ಮುಖ ನೋಡುವ ಹಾಗೆ. ಆಮೇಲೆ ಮಂಚದ ಕೆಳಗೆ ಬಿದ್ದಿದ್ದ ಅಂಗಿ ಎತ್ತಿ, ಒಳಜೇಬಿಗೆ ಕೈ ಹಾಕಿ, ಅರ್ಧ ಖಾಲಿಯಾದ ಮಾತ್ರೆಯ ಹಾಳೆ ಹೊರತೆಗೆದಳು.

"ಇದೇನ್ರೀ?"

"ಅದು ಕಿತ್ತಳೆ," ಎಂದ ಗಜಣ್ಣ. "ಬೇರೆ ಕಂಪನಿ. ಮಂಡಿದು."

ಹೆಂಡತಿ ಹೊಳೆಯುವ ಬದಿಯನ್ನು ನೋಡಲಿಲ್ಲ. ಹಾಳೆಯನ್ನು ಬೋರಲು ಮಾಡಿ, ಸಣ್ಣಕ್ಷರ ಓದಲು ಕಣ್ಣು ಕಿರಿದುಮಾಡಿ, ಆಗದೆ ಡಾಕ್ಟರಮ್ಮನ ಕೈಗಿತ್ತಳು. ಅವರು ಓದಿದರು. ಒಳಗಿನ ಔಷಧಿ ಬಿಳಿ ಮಾತ್ರೆಯದೇ. ಪ್ರಮಾಣ ಮಾತ್ರ ಹೆಚ್ಚು.

ಗಜಣ್ಣನ ತುಟಿ ಅಲುಗಿತು. "ಸೀಲು ಬೇರೆ..."

"ಸಾಕು, ಸುಮ್ನಿರಿ," ಎಂದಳು ಹೆಂಡತಿ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಕ್ಯಾಪ್ಸೂಲು ಕೂಡ ನುಂಗಿಲ್ಲ ಅನ್ಸುತ್ತೆ. ಮುಖ ಹೇಳ್ತಿದೆ" ಎಂದಳು. ಗಜಣ್ಣ ಹೌದೆಂದು ತಲೆಯಾಡಿಸಿದ. ಕಪ್ಪು ಮಲದ ಸಂಗತಿಯೂ ಹೊರಬಿತ್ತು.

ಮತ್ತೆ ಕೊಳವೆ ಇಳಿಯಿತು. ಹಳೆಯ ಜಾಗದಲ್ಲೇ ಹುಣ್ಣು ಬಾಯ್ತೆರೆದಿತ್ತು, ಅದರ ತಳದಲ್ಲಿ ರಕ್ತನಾಳವೊಂದು ಬಯಲಾಗಿ ಕಾಣುತ್ತಿತ್ತು. ಡಾಕ್ಟರಮ್ಮ ಅದಕ್ಕೆ ಸಣ್ಣ ಕ್ಲಿಪ್ಪು ಹಾಕಿದರು. ಹೊರಗೆ ಬಂದು, "ಮೊದಲ ಎರಡು ಮೂರು ದಿನ ಕಳೀಲಿ. ಅಷ್ಟರೊಳಗೆ ಮತ್ತೆ ರಕ್ತ ಹರಿದ್ರೆ ಹೊಟ್ಟೆ ಕೊಯ್ಯಬೇಕಾಗ್ಬಹುದು" ಎಂದರು. ಹೆದರಿದ ಹೆಂಡತಿ ಹೃದಯದ ಮಾತ್ರೆಯನ್ನೂ ಎಸೆಯಲು ಹೊರಟಳು. "ಅಮ್ಮಾ, ಅದನ್ನ ಮಾತ್ರ ಎಸೀಬೇಡಿ. ಸದ್ಯಕ್ಕೆ ನಾನೇ ತಡೆದಿದೀನಿ, ಮತ್ತೆ ಯಾವಾಗ ಶುರು ಮಾಡ್ಬೇಕು ಅಂತ ನಾನು ಹೇಳ್ತೀನಿ. ಅದು ಹೋದ್ರೆ ಎದೆ ಕೈ ಕೊಡುತ್ತೆ."

ಆ ದಿನಗಳಲ್ಲಿ ಅವಳು ಮಂಚದ ಪಕ್ಕದ ಸ್ಟೂಲು ಬಿಟ್ಟು ಕದಲಲಿಲ್ಲ. ನರ್ಸು ನಾಡಿ ಹಿಡಿದಾಗೆಲ್ಲ ನರ್ಸಿನ ಮುಖ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಗಜಣ್ಣ ಬೆವರಿದ. ಅವಳು ಎದ್ದು ಕೂಗುವಷ್ಟರಲ್ಲಿ ನರ್ಸು ಬಂದು ನೋಡಿ, ಫ್ಯಾನು ಹಾಕಿ ಹೋದಳು. ಕರೆಂಟು ಹೋಗಿ ಬಂದಿತ್ತಷ್ಟೆ.

ನಾನು ಮತ್ತೆ ನೋಡಲು ಹೋದಾಗ ಗಜಣ್ಣ ಕಣ್ಣು ಮುಚ್ಚಿ ಮಲಗಿದ್ದ. ಬಲಗೈಯ ಎರಡು ಬೆರಳು ಹೊದಿಕೆಯ ಅಂಚನ್ನು ತೀಡುತ್ತಿದ್ದವು. ಹೆಂಡತಿ ಉಸಿರು ಬಿಗಿಹಿಡಿದು ಆ ಬೆರಳನ್ನೇ ನೋಡುತ್ತಿದ್ದಳು.

"ಮೋಸ," ಎಂದ ಅವನು. "ಹತ್ತಿ ಅಂತ ಈ ಆಸ್ಪತ್ರೆಯವರಿಗೆ ಯಾರೋ ಪಾಲಿಯೆಸ್ಟರ್ ಬೆರೆಸಿದ್ದು ಕಟ್ಟಿದಾರೆ."

ಅವಳು ಸೆರಗಿಗೆ ಮುಖ ಒತ್ತಿಕೊಂಡಳು. ನಕ್ಕಳೋ ಅತ್ತಳೋ, ನಾನು ವಿಚಾರಿಸಲಿಲ್ಲ.

ಗಜಣ್ಣ ಈಗಲೂ ಥಾನು ಮುಟ್ಟುತ್ತಾನೆ. ಏಣಿ ಹತ್ತುವುದಿಲ್ಲ, ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂರುತ್ತಾನೆ. ಬೆಳಿಗ್ಗೆ ಕ್ಯಾಪ್ಸೂಲು ನುಂಗಿ, ಬಾಯಿ ಅಗಲಿಸಿ ಹೆಂಡತಿಗೆ ತೋರಿಸಿದ ಮೇಲೆಯೇ ಮನೆಯ ಹೊಸ್ತಿಲು ದಾಟಲು ಅಪ್ಪಣೆ.

ಸೀಲಿಗೆ ಮರುಳಾಗದೆ ಬಟ್ಟೆ ಮುಟ್ಟಿ ಕೊಳ್ಳುವುದನ್ನು ನಾನು ಕಲಿತದ್ದು ಗಜಣ್ಣನಿಂದ. ಯಾವ ಮಾತ್ರೆಯನ್ನೂ ಹಾಳೆ ಬೋರಲು ಮಾಡಿ ಓದದೆ ನುಂಗದಿರುವುದನ್ನು ಕಲಿತದ್ದು ಅವನ ಹೆಂಡತಿಯಿಂದ. ನನ್ನ ಅಂಗಡಿ ಅವನ ಋಣದಲ್ಲಿದೆ, ನನ್ನ ಹೊಟ್ಟೆ ಅವಳ ಋಣದಲ್ಲಿದೆ.