ಮೊದಲ ಗುಟುಕು ಕೊಮುಹಾಂಗಿಯದು

ಕೊಮುಹಾಂಗಿ ಮಾಡುತ್ತಿದ್ದ ಒಬುಶೆರಾಕ್ಕೆ ನಮ್ಮ ಗುಡ್ಡದಲ್ಲಿ ಸಾಟಿಯೇ ಇರಲಿಲ್ಲ. ಇಷ್ಟು ಸಣ್ಣ ಮಾತನ್ನು ನಾಲ್ಕು ಜನರೆದುರು ಹೇಳಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಮೊಳಕೆ ಬರಿಸಿದ ಜೋಳವನ್ನು ಒಣಗಿಸಿ, ಕಲ್ಲಿನಲ್ಲಿ ಬೀಸಿ, ಗಂಜಿ ಕಾಸಿ, ಆರಿದ ಮೇಲೆ ಇನ್ನೊಂದು ಹಿಡಿ ಹಿಟ್ಟು ಕದಡಿ ಒಂದು ದಿನ ಮುಚ್ಚಿಟ್ಟರೆ ಒಬುಶೆರಾ. ಅಮಲಿನ ಮಾತಿಲ್ಲ. ಬಾಣಂತಿಗೂ ಅದೇ, ಹಲ್ಲು ಬಿದ್ದ ಮುದುಕರಿಗೂ ಅದೇ, ಗುದ್ದಲಿ ಹಿಡಿದು ಬಂದವರಿಗಂತೂ ಅದೇ ಊಟ. ಎಲ್ಲರ ಮನೆಯಲ್ಲೂ ಮಾಡುತ್ತೇವೆ. ಆದರೆ ಜೋಳವನ್ನು ಮೊಳಕೆಗೆ ಹಾಕುವಾಗ ಬೂದಿ ಕಲೆಸಬೇಕಲ್ಲ, ನಾವು ಒಲೆಯಲ್ಲಿ ಸಿಕ್ಕಿದ್ದನ್ನು ಬಾಚಿ ಹಾಕಿದರೆ ಅವಳು ಬೀನ್ಸ್ ಬಳ್ಳಿ ಒಣಗಿಸಿ, ಬೇರೆಯಾಗಿ ಸುಟ್ಟು, ಜರಡಿ ಹಿಡಿದು ಹಾಕುತ್ತಿದ್ದಳು. "ಬೂದಿಗೂ ಜರಡಿಯೇನೇ? ಮಗೂಗೆ ಪೌಡರ್ ಹಚ್ತೀಯಾ?" ಎಂದು ನಾನು ರೇಗಿಸುತ್ತಿದ್ದೆ. "ಕುಡಿದು ಮಾತಾಡು," ಅನ್ನುತ್ತಿದ್ದಳು. ಕುಡಿದ ಮೇಲೆ ಮಾತಾಡುವುದಕ್ಕೇನೂ ಉಳಿಯುತ್ತಿರಲಿಲ್ಲ.

ನಮ್ಮಿಬ್ಬರ ಮನೆಗಳ ನಡುವೆ ಒಂದು ಸಾಲು ಬಾಳೆ, ಅಷ್ಟೇ. ಇಬ್ಬರೂ ಒಂದೇ ವರ್ಷ ಈ ಗುಡ್ಡಕ್ಕೆ ಸೊಸೆಯರಾಗಿ ಬಂದವರು. ಅವಳ ಗಂಡ ಬಫಾಕಿ ಕೆಮ್ಮಿ ಕೆಮ್ಮಿ ಬೇಗ ಹೋಗಿಬಿಟ್ಟ. ಉಳಿದದ್ದು ಆರು ವರ್ಷದ ಮಗಳು ನಿನ್ಸೀಮಾ, ಇಳಿಜಾರಿನಲ್ಲಿ ನಾಲ್ಕು ಮೆಟ್ಟಿಲು ಹೊಲ. ಒಂಟಿ ಹೆಂಗಸು ಅಂತ ನಾವೆಲ್ಲ ಸೇರಿ ಅವಳ ಹೊಲವನ್ನೇ ಮೊದಲು ಅಗೆದುಕೊಡುತ್ತಿದ್ದೆವು. ಅಗೆದವರಿಗೆ ಬದುವಿನ ಮೇಲೆ ಅವಳ ಸೋರೆಬುರುಡೆ ಕಾಯುತ್ತಿತ್ತು.

ಕೊಡುವವರು ಮೊದಲು ಒಂದು ಗುಟುಕು ತಾವು ಕುಡಿದೇ ಕೊಡಬೇಕು. ಇದರಲ್ಲಿ ವಿಷವಿಲ್ಲ ಎಂದು ನಾವು ಬಾಯಲ್ಲಿ ಹೇಳುವುದಿಲ್ಲ, ಕುಡಿದು ತೋರಿಸುತ್ತೇವೆ. ಆ ದಿನವೂ ಕೊಮುಹಾಂಗಿ ಬುರುಡೆ ಎತ್ತಿ ಗುಟುಕರಿಸಿ ನನ್ನ ಮೈದುನ ರುಟಾರೋನ ಕೈಗೆ ಕೊಟ್ಟಳು. ಇಪ್ಪತ್ನಾಲ್ಕರ ಹುಡುಗ, ಬಾಯಿ ಸುಮ್ಮನಿರದು.

"ಏನಕ್ಕಾ ಇದು, ನಿನ್ನ ಒಂದು ಗುಟುಕಿಗೇ ಅರ್ಧ ಬುರುಡೆ ಖಾಲಿ!" ಅಂದ.

"ಲೋ, ಬಿತ್ತೋಳು ನಾನು, ಬೀಸೋಳು ನಾನು, ನನ್ನ ಗುಟುಕಿಗೂ ಕಣ್ಣು ಹಾಕ್ತೀಯಾ? ಮನೆಗೊಬ್ಬಳು ಬರ್ಲಿ ನಿಂಗೆ, ಆಗ ನೋಡ್ತೀನಿ!"

ಎಲ್ಲರೂ ನಕ್ಕೆವು. ಅದೇ ಬುರುಡೆಯಿಂದ ಹನ್ನೊಂದು ಜನ ಕುಡಿದೆವು. ಸಂಜೆ ಹೊತ್ತಿಗೆ ರುಟಾರೋ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ಉರುಳಾಡುತ್ತಿದ್ದ. ಬಾಯಿಂದ ಜೊಲ್ಲು ಧಾರೆ, ಮೈಯೆಲ್ಲ ಬೆವರು. ಊರಿನವರು ಡೋಲಿಯಲ್ಲಿ ಮಲಗಿಸಿ, ಹೆಗಲು ಬದಲಿಸುತ್ತ ಗುಡ್ಡ ಇಳಿದರು. ಡಾಂಬರು ರಸ್ತೆ ಕಾಣುವ ಮೊದಲೇ ಉಸಿರು ನಿಂತಿತ್ತು.

ಸಾವಿನ ಮನೆಯಲ್ಲಿ ಹೆಂಗಸರು ಕೇಳುವ ಮಾತು ಒಂದಿದೆ. ಯಾರೇ ಸತ್ತಿರಲಿ, ಕೇಳಿಯೇ ಕೇಳುತ್ತಾರೆ. ಅಂದು ಕೇಳಿದವಳು ನನ್ನ ಅತ್ತೆ, ಸತ್ತವನ ಹೆತ್ತವಳು. "ನನ್ನ ಕೂಸು ಕೊನೆಗೆ ಎಲ್ಲಿ ಕುಡೀತು?"

"ಕೊಮುಹಾಂಗಿ ಹೊಲದಲ್ಲಿ," ಅಂದೆ ನಾನು.

ಅಷ್ಟೇ ನಾನು ಅಂದದ್ದು. ಉಳಿದದ್ದನ್ನು ಊರು ಕಟ್ಟಿಕೊಂಡಿತು. ಅದೇ ಬುರುಡೆಯಿಂದ ನಾವೂ ಕುಡಿದಿದ್ದೆವಲ್ಲ ಎಂದು ಯಾರೋ ಅಂದರೆ, ವಿಷವನ್ನು ಹೆಬ್ಬೆರಳ ಉಗುರಿನ ಸಂದಿಯಲ್ಲಿ ಇಟ್ಟುಕೊಂಡು ಬೇಕಾದವರಿಗೆ ಮಾತ್ರ ಅದ್ದುತ್ತಾಳೆ ಎಂದರು. ಅವಳೂ ಕುಡಿದಳಲ್ಲ ಎಂದರೆ, ಅವಳು ಮೊದಲೇ ಮದ್ದು ತಿಂದಿರುತ್ತಾಳೆ, ಅವಳ ಗುಟುಕಿಗೆ ಏನು ಬೆಲೆ ಎಂದರು. ಬಫಾಕಿಯ ಕೆಮ್ಮೂ ಆಮೇಲೆ ಅವಳ ಲೆಕ್ಕಕ್ಕೇ ಸೇರಿತು.

ಈಗ ಅಡ್ಡಗೋಡೆಯ ಮೇಲೆ ದೀಪ ಇಡುವುದು ಬೇಡ, ನೇರವಾಗಿ ಹೇಳಿಬಿಡುತ್ತೇನೆ. ಕೊಮುಹಾಂಗಿಯ ಹೊಲದಿಂದ ರುಟಾರೋ ಸೀದಾ ಬಂದದ್ದು ನಮ್ಮ ಮನೆಗೆ. "ಅತ್ತಿಗೆ, ಇನ್ನೂ ಬಾಯಾರಿಕೆ, ನಿನ್ನ ಹುಳಿ ಗಂಜೀನೇ ಕೊಡು, ಪಾಪ, ಅದನ್ನೂ ಯಾರಾದ್ರೂ ಕುಡೀಬೇಕಲ್ಲ," ಎಂದು ನಕ್ಕ. ಮಡಕೆ ಒಡೆದಿತ್ತು ಅಂತ ಬೆಳಿಗ್ಗೆ ನಾನು ಒಬುಶೆರಾವನ್ನು ಒಂದು ಹಳದಿ ಕ್ಯಾನಿಗೆ ಸುರಿದಿಟ್ಟಿದ್ದೆ. ಆಲೂಗಡ್ಡೆಗೆ ಹೊಡೆಯುವ ಔಷಧಿ ಇದ್ದ ಕ್ಯಾನು. ಗಡಿಬಿಡಿಯಲ್ಲಿ ಒಂದೇ ಸಲ ತಣ್ಣೀರಿನಲ್ಲಿ ಕುಲುಕಿ ಚೆಲ್ಲಿದ್ದೆ. ಮನೆಯವನೆಂದ ಮೇಲೆ ಯಾವ ಉಪಚಾರ ಎಂದು ನಾನು ಮೊದಲ ಗುಟುಕೂ ಕುಡಿಯಲಿಲ್ಲ. ಕುಡಿದಿದ್ದರೆ ನಾಲಿಗೆಗಾದರೂ ತಿಳಿಯುತ್ತಿತ್ತು. "ಕಹಿ ಇದೆಯಲ್ಲ ಅತ್ತಿಗೆ," ಎಂದವನು ಮುಖ ಕಿವುಚಿಕೊಂಡೇ ಪೂರ್ತಿ ಕುಡಿದ. ನನ್ನ ಮನಸ್ಸು ನೋಯಿಸಬಾರದೆಂದು ಕುಡಿದ, ಹುಚ್ಚು ಮುಂಡೇದು.

ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಡೋಲಿ ಹೋದ ಮೇಲೆ ಉಳಿದದ್ದನ್ನು ಚೆಲ್ಲಿ ಕ್ಯಾನಿನ ತಳ ನೋಡಿದೆ. ಬಿಳಿ ಗಸಿ ಕಚ್ಚಿಕೊಂಡಿತ್ತು. ಬಾಳೆಬುಡದಲ್ಲಿ ಆಳವಾಗಿ ಗುಂಡಿ ತೋಡಿ ಹೂತೆ. ಅತ್ತೆ ಕೇಳಿದಾಗ ನನ್ನ ಕೈಯಲ್ಲಿ ಇನ್ನೂ ಆ ಮಣ್ಣಿತ್ತು.

ಆಮೇಲೆ ಕೊಮುಹಾಂಗಿಯ ಬದುಕು ಏನಾಯಿತು ಅಂತ ಕೇಳಿ. ಯಾರೂ ಅವಳನ್ನು ಹೊಡೆಯಲಿಲ್ಲ, ಮನೆ ಸುಡಲಿಲ್ಲ. ಅವಳ ಕೈಯಿಂದ ಕುಡಿಯುವುದನ್ನು ಬಿಟ್ಟರು, ಅಷ್ಟೇ. ಅಗೆಯುವ ದಿನ ಅವಳು ಎಲ್ಲರ ಹೊಲಕ್ಕೂ ಬರುತ್ತಿದ್ದಳು, ಎಲ್ಲರಿಗಿಂತ ಹೆಚ್ಚು ಅಗೆಯುತ್ತಿದ್ದಳು. ಅವಳ ಹೊಲದ ದಿನ ಜನ ಬರುತ್ತಿದ್ದರು, ಆದರೆ ಕುಡಿಯುವುದಕ್ಕೆ ತಮ್ಮ ತಮ್ಮ ಮನೆಯದನ್ನು ಹೊತ್ತು ತರುತ್ತಿದ್ದರು. ಅವಳೂ ಬುರುಡೆ ತಂದು ಬದುವಿನ ಮೇಲಿಟ್ಟು, ಎದುರಿಗೇ ಒಂದು ಗುಟುಕು ಕುಡಿದು, "ಯಾರಿಗಾದ್ರೂ ಬೇಕೇನ್ರೇ?" ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ಕೇಳುತ್ತಿದ್ದಳು. ಸಂಜೆ ಅದನ್ನು ಹೊತ್ತುಕೊಂಡು ಹೋಗಿ ಹಂದಿಗೆ ಸುರಿಯುತ್ತಿದ್ದಳು.

ಅವಳು ಉಗುರು ಕತ್ತರಿಸುತ್ತಿದ್ದುದನ್ನಂತೂ ನಾನು ಮರೆಯಲಾರೆ. ವಾರವಾರವೂ ಬ್ಲೇಡು ಹಿಡಿದು ಬಾಗಿಲಲ್ಲಿ ಕೂತು, ಹೋಗುವ ಬರುವವರಿಗೆಲ್ಲ ಕಾಣುವಂತೆ, ಮಾಂಸದ ತನಕ ಕತ್ತರಿಸುತ್ತಿದ್ದಳು. ಹೆಬ್ಬೆರಳಿನಿಂದ ರಕ್ತ ಬಂದರೂ ಬಿಡುತ್ತಿರಲಿಲ್ಲ. ಅದಕ್ಕೂ ಊರು ಸುಮ್ಮನಿರಬೇಕಲ್ಲ! "ಈಗ ಸೆರಗಲ್ಲಿ ಇಟ್ಕೊಳ್ತಾಳಂತೆ," ಅಂದಿತು.

ಹೀಗೆ ಹದಿಮೂರು ವರ್ಷ. ನಿನ್ಸೀಮಾ ಬೆಳೆದು ನಿಂತಳು. ಗುಡ್ಡದ ಕೆಳಗಿನ ದೊಡ್ಡ ಕೆರೆಯಾಚೆಯ ಮುಹೆರೆಜಾ ಎಂಬ ಹುಡುಗ ಒಪ್ಪಿ, ಅವನ ಕಡೆಯವರು ಹೆಣ್ಣು ಕೇಳಲು ಬರುವುದೆಂದಾಯಿತು. ಅಂದು ಕೊಮುಹಾಂಗಿ ಬಾಳೆಸಾಲು ದಾಟಿ ನಮ್ಮ ಅಂಗಳಕ್ಕೆ ಬಂದಳು. ಹಾಗೆ ಅವಳು ಬಂದು ಎಷ್ಟೋ ಕಾಲವಾಗಿತ್ತು.

"ಕೆನ್ಯಾಂಗಿ, ಬೀಗರಿಗೆ ನಾನೇ ಕೈಯಾರೆ ಕೊಡ್ಬೇಕು. ನಿಂಗೆ ಗೊತ್ತಲ್ಲ," ಅಂದಳು.

"ಗೊತ್ತು ಕಣೇ."

"ಅವರು ಕುಡೀಲಿಲ್ಲ ಅಂದ್ರೆ ಹುಡುಗಿ ಕತೆ ಮುಗೀತು. ನಮ್ಮೂರ ಮಾತು ಅವರ ಕಿವಿಗೂ ಬಿದ್ದಿರುತ್ತೆ. ನೀನು ಒಂದೇ ಒಂದು ಗುಟುಕು ಕುಡಿ. ಸತ್ತೋನ ಅತ್ತಿಗೇನೇ ಕುಡಿದ್ಲು ಅಂದ್ರೆ ಇನ್ಯಾರು ಏನಂತಾರೆ? ನಂಗೋಸ್ಕರ ಬೇಡ, ಕೂಸಿಗೋಸ್ಕರ."

"ಅಯ್ಯೋ, ಅದಕ್ಕೇನಂತೆ! ಕುಡೀತೀನಿ ಬಿಡು," ಅಂದೆ. ಅನ್ನುವಾಗ ನಿಜವಾಗಿಯೂ ಕುಡಿಯುವ ಮನಸ್ಸೇ ಇತ್ತು. ದೇವರಾಣೆ ಇತ್ತು.

ಬೀಗರು ದೋಣಿಯಲ್ಲಿ ಬಂದರು. ಗಂಡಿನ ಸೋದರತ್ತೆ ಗಟ್ಟಿ ಹೆಂಗಸು, ಹೆಗಲ ಮೇಲೆ ಕಂಬಳಿ, ಕಣ್ಣಲ್ಲೇ ತೂಕ ಹಾಕುವವಳು. ಒಳಗೆ ನಿನ್ಸೀಮಾ ಹೊಸ ಬಟ್ಟೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು. ಊರಿನ ಹೆಂಗಸರೆಲ್ಲ ಅಂಗಳದಲ್ಲಿ, ಮುಂದಿನ ಸಾಲಿನಲ್ಲಿ ನನ್ನ ಅತ್ತೆ. ಕೊಮುಹಾಂಗಿ ತನ್ನ ದೊಡ್ಡ ಬುರುಡೆ ತಂದು, ಮಂಡಿಯೂರಿ, ಮೊದಲ ಗುಟುಕು ಕುಡಿದು, ಎರಡೂ ಕೈಯಲ್ಲಿ ಸೋದರತ್ತೆಯ ಮುಂದೆ ಚಾಚಿದಳು. ಉಗುರಿಲ್ಲದ ಆ ಬೆರಳುಗಳು ಎಲ್ಲರಿಗೂ ಕಾಣುತ್ತಿದ್ದವು.

"ತಪ್ಪು ತಿಳೀಬೇಡಿ ಬೀಗಿತ್ತಿ," ಅಂದಳು ಸೋದರತ್ತೆ. "ದೋಣಿ ಕಟ್ಟೋ ಜಾಗದಲ್ಲೇ ಏನೇನೋ ಕಿವಿಗೆ ಬಿತ್ತು. ನಿಮ್ಮೂರೋರು ಒಬ್ಬರು ಕುಡೀಲಿ, ಆಮೇಲೆ ನಾವೆಲ್ಲ ಕುಡೀತೀವಿ."

ಕೊಮುಹಾಂಗಿ ನನ್ನ ಕಡೆ ತಿರುಗಿದಳು. ನಾನು ಎದ್ದು ಬುರುಡೆ ತೆಗೆದುಕೊಂಡೆ. ಜೋಳದ ಆ ಪರಿಮಳ ಮೂಗಿಗೆ ಬಡಿಯಿತು. ಅದರಲ್ಲಿ ಏನೂ ಇಲ್ಲವೆಂದು ಆ ಅಂಗಳದಲ್ಲಿ ಅವಳನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ. ಬುರುಡೆ ತುಟಿಯ ಹತ್ತಿರ ಬಂತು. ಆಗ ನನ್ನ ಅತ್ತೆಯ ಮುಖ ಕಂಡಿತು. ರೆಪ್ಪೆ ಬಡಿಯದೆ ನೋಡುತ್ತಿದ್ದರು. ನಾನು ಕುಡಿದರೆ ಇವಳು ವಿಷ ಹಾಕಿಲ್ಲ ಎಂದಾಯಿತು. "ಹಾಗಾದರೆ ನನ್ನ ಮಗನಿಗೆ ಹಾಕಿದವರು ಯಾರು?" ಎಂದು ಈ ಮುದುಕಿ ನನ್ನನ್ನೇ ಕೇಳುತ್ತಾಳೆ, ಈಗಲೇ, ಎಲ್ಲರೆದುರು ಕೇಳುತ್ತಾಳೆ.

"ನಂಗೆ ಬೆಳಿಗ್ಗೆಯಿಂದ ಹೊಟ್ಟೆ ಸರಿ ಇಲ್ಲ ಕಣೇ," ಎಂದು ಬುರುಡೆಯನ್ನು ನೆಲಕ್ಕಿಟ್ಟೆ.

ಸೋದರತ್ತೆ ಕಂಬಳಿ ಸರಿಮಾಡಿಕೊಂಡು ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಮುಹೆರೆಜಾ ಒಂದೆರಡು ಸಲ ಹಿಂದೆ ತಿರುಗಿ ನೋಡಿದ, ಆದರೂ ದೋಣಿ ಹತ್ತಿದ. ಕೊಮುಹಾಂಗಿ ಬೈದಿದ್ದರೆ, ಶಾಪ ಹಾಕಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅವಳು ಬುರುಡೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹಂದಿ ಚಪ್ಪರಿಸುವ ಸದ್ದು ಅಂಗಳದ ತನಕ ಕೇಳಿಸಿತು. ಆ ವಾರವೇ ನಿನ್ಸೀಮಾ ಮನೆಗೆಲಸ ಹುಡುಕಿಕೊಂಡು ಪೇಟೆಗೆ ಹೋದಳು.

ಮರುವರ್ಷ ಕೊಮುಹಾಂಗಿ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆಯಂತೆ. ಡೋಲಿಯವರು ಹೊತ್ತು ಆಸ್ಪತ್ರೆಗೆ ಒಯ್ದರು, ಇನ್ನು ಮಾಡುವುದೇನಿಲ್ಲ ಎಂದ ಮೇಲೆ ಹೊತ್ತು ತಂದರು. ನಿನ್ಸೀಮಾ ಕೆಲಸ ಬಿಟ್ಟು ಬಂದಳು. ಒಂದು ಮಧ್ಯಾಹ್ನ ಅವಳು ನೀರಿಗೆ ಹೋದದ್ದು ನೋಡಿ ನಾನು ಒಂದು ಲೋಟ ಒಬುಶೆರಾ ಹಿಡಿದು ಬಾಳೆಸಾಲು ದಾಟಿದೆ. ಚಾಪೆಯ ಮೇಲೆ ಇದ್ದದ್ದು ಬರೀ ಮೂಳೆ, ಎರಡು ಕಣ್ಣು. ಪದ್ಧತಿಯಂತೆ ಮೊದಲ ಗುಟುಕು ಕುಡಿಯಲು ಲೋಟ ಎತ್ತಿದೆ.

"ಬೇಡ, ಹಾಗೇ ಕೊಡು," ಅಂದಳು.

"ಒಂದು ಗುಟುಕು ಕಣೇ..."

"ಬೇಡ ಅಂದೆನಲ್ಲ. ಕೊಟ್ಟೋರನ್ನ ನಂಬಿ ಕುಡಿಯೋದು ಹೇಗಿರುತ್ತೆ ಅಂತ ಒಬ್ಬರಾದ್ರೂ ತೋರಿಸ್ಬೇಕು ಈ ಊರಿಗೆ." ತಲೆ ಎತ್ತಿ ಹಿಡಿದೆ. ನಿಧಾನವಾಗಿ ಅರ್ಧ ಲೋಟ ಕುಡಿದಳು. ತುಟಿ ಒರೆಸಿದೆ. ಆಗ ಕೇಳಿದಳು: "ಆ ಹಳದಿ ಕ್ಯಾನು ಏನು ಮಾಡ್ದೆ?"

ಲೋಟವನ್ನು ನೆಲಕ್ಕಿಟ್ಟೆ. "ಹೂತೆ," ಅಂದೆ.

"ಹೂಂ. ನಿಮ್ಮನೇಲಿ ಕುಡಿದು ಹೋಗ್ತೀನಿ ಅಂತ ನಂಗೆ ಹೇಳೇ ಹೋಗಿದ್ದ ಅವನು. ಕ್ಯಾನಲ್ಲಿ ನೀನು ಗಂಜಿ ಸುರಿಯೋದು ಬೆಳಿಗ್ಗೇನೇ ಕಂಡಿತ್ತು ನಂಗೆ. ಅದು ಔಷಧಿ ಕ್ಯಾನು ಅಂತ ಅವನು ಸತ್ತ ಮೇಲೇ ಹೊಳೆದದ್ದು."

"ಯಾಕೆ ಹೇಳ್ಲಿಲ್ಲ? ಯಾಕೇ ಹೇಳ್ಲಿಲ್ಲ ನೀನು?"

"ವಿಷ ಹಾಕೋಳ ಮಾತು ಯಾರು ಕೇಳ್ತಾರೆ? ನೀನು ಹೇಳ್ತೀಯ ಅಂದ್ಕೊಂಡಿದ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ..." ಅಲ್ಲಿಗೆ ಉಸಿರು ಸಾಲದೆ ನಿಲ್ಲಿಸಿದಳು. ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಆಮೇಲೆ ಏನೂ ಕುಡಿಯಲಿಲ್ಲ. ಮರುದಿನ ಬೆಳಿಗ್ಗೆ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಅವಳ ಅಂಗಳದಲ್ಲಿ ಕೂತರು. ತಾಯಿ ಬೀಸಿಟ್ಟಿದ್ದ ಕೊನೆಯ ಹಿಟ್ಟಿನಿಂದ ನಿನ್ಸೀಮಾ ಒಬುಶೆರಾ ಮಾಡಿ ಬಾಗಿಲ ಪಕ್ಕ ಬುರುಡೆಯಲ್ಲಿ ಇಟ್ಟಿದ್ದಳು. ಯಾರೂ ಅತ್ತ ತಿರುಗಿಯೂ ನೋಡಲಿಲ್ಲ. ಎಲ್ಲರ ಕೈಯಲ್ಲಿದ್ದದ್ದು ನಮ್ಮ ಮನೆಯದು. ಪಕ್ಕದ ಮನೆಯವಳಾಗಿ ನಾನೇ ಹೊತ್ತು ತಂದು, ಗುಟುಕರಿಸಿ, ಹಂಚಿದ್ದೆ. ಆಗ ಅತ್ತೆ, ಎಂಬತ್ತು ದಾಟಿದ ಮುದುಕಿ, ಎಲ್ಲ ಸಾವಿನ ಮನೆಯಲ್ಲೂ ಕೇಳುವಂತೆ ಕೇಳಿದರು.

"ಕೊನೆಗೆ ಎಲ್ಲಿ ಕುಡಿದ್ಲು?"

"ನನ್ನ ಕೈಯಿಂದ," ಅಂದೆ.

ಯಾರೂ ಹುಬ್ಬೇರಿಸಲಿಲ್ಲ. ಒಬ್ಬಳು, "ಗಡ್ಡೆ ಇತ್ತಲ್ಲಮ್ಮ, ನೀನೇನು ಮಾಡ್ತೀಯ," ಅಂದಳು. ಇನ್ನೊಬ್ಬಳು, "ಅಂಥೋಳಿಗೂ ಕೊನೇಲಿ ಬಾಯಿಗೆ ನೀರು ಬಿಟ್ಟೆಯಲ್ಲ, ದೊಡ್ಡ ಮನಸ್ಸು," ಅಂದಳು. ಒಂದು ಗಳಿಗೆಯಲ್ಲಿ ನನ್ನನ್ನು ತೊಳೆದು ಒಣಗಿಸಿ ಎತ್ತಿಟ್ಟುಬಿಟ್ಟರು. ಅವಳಿಗೆ ಹದಿನಾಲ್ಕು ವರ್ಷ ಸಿಗದಿದ್ದ ಮಾತು ನನಗೆ ಕೇಳದೆಯೇ ಸಿಕ್ಕಿತು. ಅದನ್ನು ಮಾತ್ರ ನನಗೆ ತಡೆದುಕೊಳ್ಳಲಾಗಲಿಲ್ಲ.

"ಅತ್ತೆ, ರುಟಾರೋನೂ ಕೊನೆಗೆ ಕುಡಿದದ್ದು ನನ್ನ ಕೈಯಿಂದಾನೇ," ಅಂದೆ. "ಇವಳ ಹೊಲದಿಂದ ನಮ್ಮನೆಗೆ ಬಂದ. ಔಷಧಿ ಕ್ಯಾನಲ್ಲಿ ಗಂಜಿ ಇಟ್ಟಿದ್ದೆ. ಅದನ್ನ ಕೊಟ್ಟೆ. ಇವಳು ಏನೂ ಮಾಡಿಲ್ಲ. ಇವಳ ಒಬುಶೆರಾದಂಥದ್ದು ಈ ಗುಡ್ಡದಲ್ಲೇ ಇರ್ಲಿಲ್ಲ."

ಅತ್ತೆ ತಮ್ಮ ಲೋಟದೊಳಗೆ ನೋಡಿದರು. ಅರ್ಧ ಕುಡಿದಾಗಿತ್ತು. ಅದನ್ನು ನೆಲಕ್ಕಿಟ್ಟರು. ಅವರ ಪಕ್ಕದವಳೂ ಇಟ್ಟಳು. ಒಬ್ಬೊಬ್ಬರಾಗಿ ಅಂಗಳದವರೆಲ್ಲ ಲೋಟ ಕೆಳಗಿಟ್ಟರು. ನಿನ್ಸೀಮಾ ಹೊಸ್ತಿಲಿನಿಂದ ಎದ್ದು ತಾಯಿಯ ಬುರುಡೆ ತಂದಳು, ಒಂದು ಗುಟುಕು ಕುಡಿದಳು, ಅತ್ತೆಯ ಮುಂದೆ ಮಂಡಿಯೂರಿ ಚಾಚಿದಳು. ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣು ಮುಚ್ಚಿ ಕುಡಿದರು. ಬುರುಡೆ ಕೈಯಿಂದ ಕೈಗೆ ಅಂಗಳವೆಲ್ಲ ಸುತ್ತಿ ನನ್ನ ಪಕ್ಕದವಳ ತನಕ ಬಂತು. ನಿನ್ಸೀಮಾ ಅವಳ ಕೈಯಿಂದ ಬುರುಡೆ ತೆಗೆದುಕೊಂಡು ಒಳಗೆ ಹೋದಳು.